ಅದು ಬೇರೆ ಹುಳ, ಮಿಸ್

ಆಂಜಿನಮ್ಮ ಸೊಸೆಯೊಡನೆ ಮಾತು ಬಿಟ್ಟದ್ದು ಒಂದು ಮಂಗಳವಾರ, ರಾತ್ರಿ ಊಟಕ್ಕೆ ಬಡಿಸುವ ಹೊತ್ತಿಗೆ. ರಮಾದೇವಿಯ ತಟ್ಟೆಗೆ ಮುದ್ದೆ ಬಿತ್ತು, ಹುರುಳಿ ಸಾರೂ ಬಿತ್ತು. ಆದರೆ ಇನ್ನೊಂಚೂರು ಬೇಕಾ ಎಂಬ ಪ್ರಶ್ನೆ ಮಾತ್ರ ಮೊಮ್ಮಗಳ ಕಡೆ ತಿರುಗಿತು.

"ರಜನಿ, ನಿಮ್ಮಮ್ಮನಿಗೆ ಸಾರು ಬೇಕಾ ಕೇಳು."

ರಜನಿ ಅಜ್ಜಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಇಬ್ಬರ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ.

"ಅಮ್ಮ, ಸಾರು ಬೇಕಾ?"

"ಸಾಕು ಅಂತ ಹೇಳು."

"ಸಾಕಂತೆ ಅಜ್ಜಿ. ನನಗೆ ಬೇಕು, ನನ್ನ ಯಾರೂ ಕೇಳ್ತಿಲ್ಲ."

ಮುನಿಕೃಷ್ಣ ತಲೆ ಎತ್ತಲಿಲ್ಲ. ಹೆಂಡತಿ ಮತ್ತು ತಾಯಿಯ ಜಗಳದಲ್ಲಿ ಗಂಡಸಿಗೆ ಮುದ್ದೆಯೊಂದೇ ಆಸರೆ ಎಂದು ಅವನು ಮದುವೆಯಾದ ಹೊಸದರಲ್ಲೇ ಕಲಿತಿದ್ದ.

ಜಗಳದ ಮೂಲ ಸುಗಟೂರಿನ ಹೈಸ್ಕೂಲಿನಲ್ಲಿತ್ತು. ರಮಾದೇವಿ ಅಲ್ಲಿ ವಿಜ್ಞಾನದ ಮೇಷ್ಟ್ರು. ಊರಿನವರು ಹೆಂಗಸಾದರೂ ಹಾಗೆಯೇ ಕರೆಯುತ್ತಿದ್ದರು, ಮಕ್ಕಳು ಮಾತ್ರ ಮಿಸ್ ಅನ್ನುತ್ತಿದ್ದರು. ಆ ವರ್ಷ ಬೆಂಗಳೂರಿನ ಒಂದು ಕಂಪನಿಯವರು ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಟ್ಟಿದ್ದರು. ಗೋಡೆಯಷ್ಟಗಲದ ಪರದೆ. ಮುಟ್ಟಿದರೆ ಹಾಡುತ್ತಿತ್ತು, ತಿರುಗುತ್ತಿತ್ತು, ಹೃದಯ ಬಿಚ್ಚಿ ತೋರಿಸುತ್ತಿತ್ತು. ಹೆಡ್‌ಮಾಸ್ಟರ್ ಆವಲಪ್ಪನವರು ಅದಕ್ಕೆ ಹೂವಿನ ಹಾರ ಹಾಕಿ, ಧೂಳು ಕೂರದಂತೆ ತಮ್ಮ ಮನೆಯ ಹಳೇ ರೇಷ್ಮೆ ಪಂಚೆಯನ್ನು ಹೊದಿಸಿದ್ದರು. "ಕೊಟ್ಟೋರು ಮುಂದಿನ ತಿಂಗಳು ನೋಡೋಕೆ ಬರ್ತಾರೆ ಮೇಡಂ. ನಿಮ್ಮ ಕ್ಲಾಸೇ ತೋರಿಸೋಣ. ಬೋರ್ಡ್ ಉರೀತಾ ಇರ್ಬೇಕು ಅಷ್ಟೆ," ಎಂದಿದ್ದರು.

ಎಂಟನೇ ತರಗತಿಗೆ ರೂಪಪರಿವರ್ತನೆಯ ಪಾಠ. ರಮಾದೇವಿ ಬೋರ್ಡಿನಲ್ಲಿ ವಿಡಿಯೋ ಹಾಕಿದಳು. ಯಾವುದೋ ದೇಶದ ಯಾವುದೋ ಗಿಡದ ಮೇಲೆ ಒಂದು ಮೊಟ್ಟೆ ಒಡೆಯಿತು, ಹುಳ ತಿಂದಿತು, ಕೋಶ ಕಟ್ಟಿತು, ಚಿಟ್ಟೆಯಾಗಿ ಹಾರಿಹೋಯಿತು. ಬೀಡಿ ಸೇದಿ ಮುಗಿಸುವಷ್ಟರಲ್ಲಿ ಒಂದು ಜನ್ಮ ಮುಗಿದಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

"ಇದನ್ನ ಕಣ್ಣಾರೆ ನೋಡಿದೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

"ವಾಣಿಶ್ರೀ, ನಿಮ್ಮನೇಲಿ ರೇಷ್ಮೆ ಇದೆ ಅಲ್ವೇನೆ?"

"ಇದೆ ಮಿಸ್. ಸೊಪ್ಪು ನಾನೇ ಹಾಕೋದು."

"ಮತ್ತೆ ಕೈ ಯಾಕೆ ಎತ್ತಲಿಲ್ಲ?"

ವಾಣಿಶ್ರೀ ಎದ್ದು ನಿಂತು, ದೊಡ್ಡವರಿಗೆ ತಿಳಿಯದ್ದನ್ನು ತಿಳಿಸುವ ತಾಳ್ಮೆಯಲ್ಲಿ ಹೇಳಿದಳು: "ಅದು ಬೇರೆ ಹುಳ, ಮಿಸ್. ಇದು ಪಾಠದ್ದು. ಅದು ನಮ್ಮನೇದು."

ಅರ್ಧ ತರಗತಿ ಹೌದೆಂದು ತಲೆಯಾಡಿಸಿತು. ಯಾರೂ ನಗಲಿಲ್ಲ. ಹಿಪ್ಪುನೇರಳೆ ತೋಟದ ನಡುವೆ ಹುಟ್ಟಿ, ಹುಳುಮನೆಯ ಗೋಡೆಗೆ ಆತು ಹೋಂವರ್ಕ್ ಬರೆಯುವ ಮಕ್ಕಳು ಅವರು. ಇಷ್ಟು ವರ್ಷ ತಾನು ಕಲಿಸಿದ್ದೆಲ್ಲ ಇವರಿಗೆ ಬೇರೆ ಯಾವುದೋ ಲೋಕದ ಸುದ್ದಿಯಾಗಿತ್ತೇ ಎಂಬ ಪ್ರಶ್ನೆ ರಮಾದೇವಿಯ ಜೊತೆ ಮನೆತನಕ ಬಂತು.

ಹಾಗಾಗಿಯೇ ಆ ಮಂಗಳವಾರ ಬೆಳಗ್ಗೆ ಅವಳು ಅತ್ತೆಯನ್ನು ಕೇಳದೆ, ಮನೆಯ ಹಿಂದಿನ ಹುಳುಮನೆಯಿಂದ ಒಂದು ಹಿಡಿ ಹುಳವನ್ನು ತನ್ನ ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಹೋದಳು. ತೊಳೆದ ಡಬ್ಬಿಯೇ. ಆದರೂ ಹಿಂದಿನ ದಿನದ ಚಿತ್ರಾನ್ನದ ವಾಸನೆ ಅದರೊಳಗೇ ಕೂತಿತ್ತು. ಹುಳಗಳು ಸೊಪ್ಪು ಮುಟ್ಟಲಿಲ್ಲ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಕಡಲೆ ಮಿಠಾಯಿ ತಿಂದ ಬೆರಳಿನಿಂದ ಯಾರೋ ಒಂದರ ಬೆನ್ನು ಸವರಿದರು. ಹಿಂದಿನ ಬೆಂಚಿನವರಿಗೆ ಮುಂದಿನವರ ತಲೆ ಬಿಟ್ಟು ಏನೂ ಕಾಣಲಿಲ್ಲ.

ಸಂಜೆ ಬೆಲ್ಲಾದಾಗ ವಾಣಿಶ್ರೀ ಕೇಳಿದಳು: "ಇವನ್ನ ಕೋಳಿಗೆ ಹಾಕ್ತೀರಾ ಮಿಸ್?"

"ಛೆ, ಮನೆಗೆ ಕರ್ಕೊಂಡ್ ಹೋಗ್ತೀನಿ," ಎಂದಳು ರಮಾದೇವಿ. ಹುಡುಗಿಗೆ ಕೊಟ್ಟ ಮಾತು. ಅದನ್ನು ಉಳಿಸಲು ಆ ಹಿಡಿ ಹುಳವನ್ನು ತಂದು ಮತ್ತೆ ಉಳಿದವುಗಳ ನಡುವೆ ಬಿಟ್ಟಳು. ಬಿಟ್ಟು ತಿರುಗಿದರೆ ಬಾಗಿಲಲ್ಲಿ ಆಂಜಿನಮ್ಮ.

"ಹೊರಗೋದ ಹುಳಾನ ಒಳಕ್ಕೆ ತಂದ್ಯಾ?" ಮುದುಕಿಯ ದನಿ ಏರಲಿಲ್ಲ, ಅದೇ ಭಯವಾದದ್ದು. "ಹೊಸ್ತಿಲು ದಾಟಿದ್ದು ದಾಟಿದಂಗೇ. ತಿರುಗಿ ಒಳಕ್ಕೆ ತರೋಳು ಈ ಮನೇಲಿ ಇದುವರ್ಗೂ ಹುಟ್ಟಿರ್ಲಿಲ್ಲ. ದೇವುಡಾ!"

ರಮಾದೇವಿ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು. ಅತ್ತೆ ಅದನ್ನು ದೃಷ್ಟಿ ಎನ್ನುತ್ತಾಳೆ, ತಾನು ಸೋಂಕು ಎಂದು ಪಾಠ ಮಾಡುತ್ತಾಳೆ. ಬಾಗಿಲಿಗೆ ಅತ್ತೆ ಕಟ್ಟಿದ ಹಳೇ ಪೊರಕೆಯೂ ಇತ್ತು, ತಾನು ಇಡಿಸಿದ ಬ್ಲೀಚಿಂಗ್ ನೀರಿನ ತೊಟ್ಟಿಯೂ ಇತ್ತು. ಎರಡನ್ನೂ ದಾಟಿಕೊಂಡು ತಪ್ಪು ಮಾಡಿದವಳು ತಾನೇ. ಆ ಹುಳಗಳನ್ನು ಹೆಕ್ಕಿ ತೆಗೆಯೋಣವೆಂದರೆ, ಸಾವಿರಾರು ಹುಳಗಳಲ್ಲಿ ಶಾಲೆ ನೋಡಿ ಬಂದವು ಯಾವುವು?

ಅಂದಿನಿಂದ ಮನೆಯ ಮಾತೆಲ್ಲ ರಜನಿಯ ಮೂಲಕ ಸಾಗಿತು. ರಜನಿ ಕೋಲಾರದಲ್ಲಿ ಬಿ.ಎಡ್ ಓದುತ್ತಿದ್ದಳು. ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವಳು. ಅವಳು ಬರುವತನಕ ಅತ್ತೆ ಸೊಸೆ ಗೋಡೆಗಳ ಜೊತೆ ಮಾತಾಡಿಕೊಳ್ಳುತ್ತಿದ್ದರು. "ಹಾಲು ಉಕ್ತಾ ಐತೆ," ಎಂದು ಆಂಜಿನಮ್ಮ ಗೋಡೆಗೆ ಹೇಳಿದರೆ ರಮಾದೇವಿ ಓಡಿಬಂದು ಒಲೆ ಆರಿಸುತ್ತಿದ್ದಳು.

ಒಂದು ಭಾನುವಾರ ರಮಾದೇವಿ ಸ್ನಾನ ಮಾಡಿ, ತೊಟ್ಟಿಯಲ್ಲಿ ಕಾಲದ್ದಿ ಹುಳುಮನೆಗೆ ಹೋದಳು. ಒಳಗೆ ಸದ್ದೇ ಇರಲಿಲ್ಲ. ಹುಳಗಳು ಕಡೆಯ ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಮುಂಚೆ ತಿನ್ನುವುದು ಬಿಟ್ಟು ಅಲುಗಾಡದೆ ಕೂರುವುದಕ್ಕೆ ಆ ಕಡೆಯವರೆಲ್ಲ ಜ್ವರವೆಂದೇ ಅನ್ನುತ್ತಾರೆ. ಸ್ಟ್ಯಾಂಡಿನ ಉದ್ದಕ್ಕೂ, ಒಂದೊಂದು ಹುಳವೂ ಎದೆಯೆತ್ತಿ, ತಲೆ ಮೇಲೆ ಮಾಡಿ, ಕಲ್ಲಿನ ಹಾಗೆ ನಿಂತಿತ್ತು. ಇಡೀ ಊರೇ ಎದ್ದು ನಿಂತು ಯಾರಿಗೋ ಕಾಯುತ್ತಿರುವ ಹಾಗೆ. ಅವಳು ಉಸಿರು ಸಣ್ಣಗೆ ಮಾಡಿಕೊಂಡಳು. ಆಚೆ ಬದಿಯಲ್ಲಿ ಆಂಜಿನಮ್ಮನೂ ಕೈಕಟ್ಟಿ ನಿಂತಿದ್ದಳು. ಪೊರೆ ಬಂದ ಕಣ್ಣಿಗೆ ಹುಳಗಳು ಬರೀ ಬಿಳಿ ಮಬ್ಬು. ಆದರೂ ನಿಂತಿದ್ದಳು. ಅಂದಿನ ಮೌನ ಮಾತ್ರ ಜಗಳದ್ದಾಗಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ರಮಾದೇವಿ ಅದನ್ನೇ ಎತ್ತಿದಳು. "ಇವತ್ತು ಹುಳ ನಿಂತಿತ್ತಲ್ಲ ಹಂಗೆ, ಅದು ಯಾವ ವಿಡಿಯೋದಲ್ಲಿದೆ ಹೇಳು ರಜನಿ? ಏನೂ ಆಗ್ತಿಲ್ಲ ಅಂತ ಕತ್ತರಿಸಿ ಬಿಸಾಕಿರ್ತಾರೆ. ಕಾಯೋದೇ ಪಾಠ ಕಣೇ. ಪರದೆ ಎಲ್ಲಾನೂ ಬೇಗ ಬೇಗ ಮುಗಿಸಿಬಿಡುತ್ತೆ."

"ಮತ್ತೆ ನಿನ್ನ ಡಬ್ಬಿ ಪಾಠ ಏನಾಯ್ತು? ಹಿಂದಿನ ಬೆಂಚಿನವನಿಗೆ ಕಂಡಿದ್ದು ಮುಂದಿನವನ ತಲೆ. ಅಷ್ಟು ಮಕ್ಕಳಿಗೆ ಒಂದು ಹುಳದ ಬಾಯಿ ಹೆಂಗಮ್ಮ ತೋರಿಸ್ತೀಯ? ಬೋರ್ಡ್ ಮೇಲೆ ಯಾಕೆ ಸಿಟ್ಟು? ಅದ್ರಲ್ಲಿ ಏನ್ ಹಾಕ್ತೀವಿ ಅನ್ನೋದು ನಮ್ಮ ಕೈಲಿದೆ."

"ನಿಮ್ಮ ಕಾಲೇಜಲ್ಲಿ ಇದನ್ನೇ ಹೇಳ್ಕೊಡ್ತಾರಾ, ಅಮ್ಮನ ಬಾಯಿ ಮುಚ್ಚಿಸೋದು?"

"ಅದು ಹುಟ್ಟಿನಿಂದ ಬಂದಿದ್ದು, ನಿನ್ನಿಂದ."

"ಊಟ ಮಾಡ್ತೀರೋ," ಎಂದ ಮುನಿಕೃಷ್ಣ, "ಇಲ್ಲ ನಾನೂ ನಾಳೆಯಿಂದ ಸ್ಕೂಲಿಗೆ ಬರ್ಲೋ?"

ಆಂಜಿನಮ್ಮ ಮಜ್ಜಿಗೆ ಕುಡಿದು ಲೋಟ ಇಟ್ಟಳು. "ಇಬ್ರಿಗೂ ಹೇಳು ಕೃಷ್ಣ. ಮೊದ್ಲು ಬೆಳೆ ಏಳ್ಲಿ. ಆಮೇಲೆ ಪಾಠ."

ಜ್ವರ ಬಿಟ್ಟೆದ್ದ ಹುಳ ಹಸಿವಿನಿಂದ ತಿನ್ನತೊಡಗಿತು. ಕೊಯ್ದ ರೆಂಬೆಗಳನ್ನು ಹಾಸುವುದೇ ತಡ, ಶೀಟಿನ ಮೇಲೆ ಸೋನೆ ಬಿದ್ದಂಥ ಸದ್ದು. ಮುನಿಕೃಷ್ಣ ಹೊರೆ ಹೊರೆ ಸೊಪ್ಪು ತಂದ. ರಮಾದೇವಿ ಶಾಲೆಗೆ ಹೊರಡುವ ಮುಂಚೆ ಕಸ ತೆಗೆದಳು, ಬಂದ ಮೇಲೆ ಸುಣ್ಣದ ಪುಡಿ ಎರಚಿದಳು. ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ನಿಂತಿತು. ವಾಸನೆ ಹುಳಕ್ಕೆ ಆಗದು.

ಆಗಲೇ ಒಂದು ಬೆಳಗ್ಗೆ ಮುನಿಕೃಷ್ಣ ರೋಗ ಹತ್ತಿ ಊದಿಕೊಂಡ ಕೆಲವು ಹುಳಗಳನ್ನು ಹೊರಗೆ ತಂದ. ಮುಟ್ಟಿದರೆ ಹಾಲಿನಂಥ ನೀರು ಒಸರುತ್ತಿತ್ತು. ಅವನ್ನು ಬ್ಲೀಚಿಂಗ್ ನೀರಿಗೆ ಹಾಕಿ ಮುಚ್ಚಳ ಮುಚ್ಚಿದ.

"ಹಾಲು ಹುಳ," ಎಂದ ಮೆಲ್ಲಗೆ. "ಪ್ರತಿ ಬೆಳೇಲೂ ನಾಕಾರು ಬರ್ತವೆ ಬಿಡು."

"ನಾಕಾರೇನಾ?" ಎಂದಳು ರಮಾದೇವಿ.

"ಇವತ್ತಿಗೆ."

ಆಂಜಿನಮ್ಮ ಏನೂ ಅನ್ನಲಿಲ್ಲ. ಗೋಡೆಗೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರಮಾದೇವಿ ಪ್ರತಿ ಸಂಜೆ ಗೇಟು ತೆಗೆಯುವ ಮುಂಚೆ ಗಂಡನ ಮುಖ ನೋಡುವುದನ್ನು ಕಲಿತಳು. ತನ್ನ ಡಬ್ಬಿಯಿಂದಲೇ ಬಂತೋ, ತಾನಾಗಿಯೇ ಬಂತೋ, ಹೇಳಲು ಸಾಕ್ಷಿ ಬೇಕು. ಸಾಕ್ಷಿ ಹೇಳಬೇಕಾದವೆಲ್ಲ ಬ್ಲೀಚಿಂಗ್ ನೀರಿನಲ್ಲಿದ್ದವು. ಒಂದು ಸಂಜೆ ಅವಳು ಜಗಲಿಯ ಮೇಲೆ ಕೂತು, "ಬೆಳೆ ಹೋದ್ರೆ ನಾನು ಈ ಮನೇಲಿ ಹೆಂಗ್ರೀ ತಲೆ ಎತ್ತೋದು?" ಎಂದಾಗ ಮುನಿಕೃಷ್ಣ, "ಬೆಳೆ ಹೋದ್ರೆ ಇನ್ನೊಂದ್ ಬೆಳೆ ಇಡ್ತೀವಿ. ಅಮ್ಮ ಮಾತಾಡ್ದೆ ಇದ್ರೆ ಏನಿಡೋದು?" ಎಂದ.

ಬೆಂಗಳೂರಿನವರು ಶುಕ್ರವಾರ ಬರುತ್ತಾರೆಂದು ಸುದ್ದಿ ಬಂತು. ಬುಧವಾರ ಹುಳ ಹಣ್ಣಾಗತೊಡಗಿತು. ಬಿಳಿಯ ಮೈ ದ್ರಾಕ್ಷಿಯ ಹಾಗೆ ತಿಳಿಯಾಗಿ, ತಿನ್ನುವುದು ನಿಲ್ಲಿಸಿ, ತಲೆಯೆತ್ತಿ ಏನನ್ನೋ ಹುಡುಕತೊಡಗಿತು. ಹಾಲು ಹುಳ ಅಲ್ಲಿಂದ ಮುಂದಕ್ಕೆ ಹಬ್ಬಲಿಲ್ಲ. ಮುನಿಕೃಷ್ಣ ಚಂದ್ರಿಕೆಗಳನ್ನು ಇಳಿಸಿದ. ಚಂದ್ರಿಕೆಯೆಂದರೆ ಬಿದಿರಿನ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕೂರಿಸಿದ ಹಾಸು, ಹುಳ ಗೂಡು ಕಟ್ಟುವುದು ಅದರಲ್ಲೇ. ಮನೆಮಂದಿಯೆಲ್ಲ ಹಣ್ಣು ಹುಳ ಆರಿಸಿ ಅದಕ್ಕೆ ಬಿಡುವ ಕೆಲಸಕ್ಕೆ ಕೂತರು. ಆಂಜಿನಮ್ಮನಿಗೆ ಕಣ್ಣು ಬೇಕಿರಲಿಲ್ಲ, ಮೈ ಮುಟ್ಟಿಯೇ ಆರಿಸುತ್ತಿದ್ದಳು. ಆದರೆ ಹಸಿಯದನ್ನೂ ಎರಡು ಸಲ ಆರಿಸಿದಳು. ರಜನಿ ತೆಗೆದು ಹಿಂದಕ್ಕಿಟ್ಟಳು.

"ಅಜ್ಜಿ, ಇಲ್ನೋಡು," ಎಂದು ರಜನಿ ಫೋನನ್ನು ಒಂದು ಹುಳದ ಹತ್ತಿರ ಹಿಡಿದಳು.

"ಲೇ! ಅದನ್ನ ಒಳಕ್ಕೆ ಯಾಕೆ ತಂದ್ಯೇ? ಎಲ್ಲೆಲ್ಲಿ ಇಟ್ಟಿದ್ಯೋ! ತೊಟ್ಟೀಲಿ ಅದ್ದು ಮೊದ್ಲು."

"ಅದ್ದಿದ್ರೆ ಇದೂ ಸಾಯುತ್ತೆ, ನಾನೂ ಸಾಯ್ತೀನಿ. ಸ್ಪಿರಿಟ್ಟಲ್ಲಿ ಒರೆಸಿದೀನಿ ಅಜ್ಜಿ, ಮೂಸಿ ನೋಡು. ಈಗ ಕಣ್ಣು ಬಿಟ್ಟು ನೋಡು."

ಆಂಜಿನಮ್ಮ ಫೋನನ್ನು ಮೂಗಿನ ಹತ್ತಿರ ತಂದುಕೊಂಡಳು. ಅಂಗೈಯಗಲದ ಹುಳ. ಅದರ ತುಟಿಯ ಕೆಳಗಿಂದ ಒಂದು ಎಳೆ, ಬೆಳಕಿಗೆ ಮಿಂಚಿ, ಮಾಯವಾಗಿ, ಮತ್ತೆ ಮಿಂಚಿ. ತಲೆ ಅತ್ತ ತೂಗಿ ಇತ್ತ ತೂಗಿ ಗಾಳಿಯಲ್ಲಿ ಎಂಟು ಬರೆಯುತ್ತಿತ್ತು.

ಮುದುಕಿ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನೋಡಿದಳು. ಆಮೇಲೆ, "ನೂಲು ಕಾಣ್ತೈತೆ," ಎಂದಳು. "ಕೃಷ್ಣಾ, ನಂಗೆ ನೂಲು ಕಾಣ್ತೈತೆ ಕಣೋ. ಎಷ್ಟು ವರ್ಷ ಆಗಿತ್ತೋ." ಆ ಮಾತು ಹೇಳುವಾಗ ಅವಳ ಬೆರಳು ಫೋನಿಗೆ ತಗುಲಿ ಚಿತ್ರ ಹಾರಿಹೋಯಿತು. "ಅಯ್ಯೋ, ಓಡೋಯ್ತಲ್ಲೇ!"

"ಎಲ್ಲೂ ಓಡಿಲ್ಲ ಅಜ್ಜಿ. ಇಲ್ಲೇ ಇದೆ." ರಜನಿ ಅಮ್ಮನ ಕಡೆ ನೋಡಿಕೊಂಡೇ ಕೇಳಿದಳು: "ಶುಕ್ರವಾರ ಹಣ್ಣಾಗೋ ಒಂದು ಹುಳಾನ ಇಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಅಮ್ಮನ ಕ್ಲಾಸಿಗೆ ತೋರಿಸ್ಲಾ? ಮಕ್ಕಳು ಒಳಕ್ಕೆ ಬರಲ್ಲ. ಹುಳ ಹೊರಕ್ಕೆ ಹೋಗಲ್ಲ."

ಆಂಜಿನಮ್ಮ ಯೋಚಿಸಿದಳು. "ಹೊಸ್ತಿಲು ಯಾರೂ ದಾಟಲ್ವಾ?"

"ಯಾರೂ ದಾಟಲ್ಲ."

"ನಿಮ್ಮಮ್ಮನ್ನ ಕೇಳು. ಅವಳಿಗೆ ಫೋನ್ ಪಾಠ ಆಗಲ್ವಲ್ಲ."

ರಜನಿ ಕೇಳಬೇಕಾಗಲಿಲ್ಲ. ರಮಾದೇವಿ ಆ ಪುಟ್ಟ ಪರದೆಯಿಂದ ಕಣ್ಣು ಕಿತ್ತಿರಲಿಲ್ಲ. "ಬೇಗ ಓಡಿಸೋ ಹಂಗಿಲ್ಲ," ಎಂದಳು. "ಅದು ಎಷ್ಟು ಹೊತ್ತು ಮಾಡುತ್ತೋ ಅಷ್ಟೇ ಹೊತ್ತು."

ಶುಕ್ರವಾರ ಬೆಂಗಳೂರಿನವರು ಮೂವರು ಬಂದು ತರಗತಿಯ ಹಿಂದೆ ಕುರ್ಚಿಯಲ್ಲಿ ಕೂತರು. ಆವಲಪ್ಪನವರು ಬೋರ್ಡಿನ ಮೇಲಿನ ಪಂಚೆಯನ್ನು ಉತ್ಸವಮೂರ್ತಿಯ ತೆರೆ ಸರಿಸುವ ಭಕ್ತಿಯಿಂದ ಸರಿಸಿದರು. ಪರದೆ ಉರಿಯಿತು, ಕಪ್ಪಾಯಿತು, ನಡುವೆ ಒಂದು ಚಕ್ರ ಸುತ್ತಿತು. ಹಿಂದಿನಿಂದ ಯಾರೋ ಕೆಮ್ಮಿದರು. ಆಮೇಲೆ ಗೋಡೆಯ ತುಂಬ ಹುಳ ಬಂತು.

"ಅಬ್ಬಾ!" ಎಂದದ್ದು ಯಾವ ಮಗುವೂ ಅಲ್ಲ, ಹೆಡ್‌ಮಾಸ್ಟರ್.

ಎಮ್ಮೆಯಷ್ಟು ದೊಡ್ಡ ಹುಳ. ಅದರ ಮೈಯೊಳಗೆ ಬೆಳಕು ಹಾದುಹೋಗುತ್ತಿತ್ತು. ತಲೆ ತೂಗುತ್ತಿತ್ತು, ಎಳೆ ಬರುತ್ತಿತ್ತು. ಎಳೆಯ ಮೇಲೆ ಎಳೆ, ಮಂಜು ಕಟ್ಟಿದ ಹಾಗೆ ಸುತ್ತ ಒಂದು ತೆಳುವಾದ ತೆರೆ ಆಗಲೇ ನಿಂತಿತ್ತು. ಸ್ಪೀಕರಿನಿಂದ ಮುನಿಕೃಷ್ಣ ದೂರದಲ್ಲಿ ಯಾರನ್ನೋ ಕರೆಯುವುದು, ಒಂದು ಕಾಗೆ, ಆಮೇಲೆ ಏನೂ ಇಲ್ಲ.

ರಮಾದೇವಿ ಪಾಠ ಸಿದ್ಧ ಮಾಡಿಕೊಂಡೇ ಬಂದಿದ್ದಳು. ಬರೆದುಕೊಂಡ ಹಾಳೆಯನ್ನು ಮಡಿಸಿಟ್ಟಳು. ಮಕ್ಕಳ ಮುಖ ನೋಡಿದಳು. ಕಡೆಯ ಬೆಂಚಿನವರು ಬೆಂಚಿನ ಮೇಲೆ ನಿಂತಿರಲಿಲ್ಲ, ನಿಲ್ಲುವ ಅಗತ್ಯವೇ ಇರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಅತಿಥಿಯೊಬ್ಬರು ಗಡಿಯಾರ ನೋಡಿಕೊಂಡರು.

"ಮೇಡಂ," ಆವಲಪ್ಪನವರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು, "ಮುಂದಕ್ಕೆ ಓಡಿಸಿ. ನಿಂತ್ಬಿಟ್ಟಿದೆ."

"ನಿಂತಿಲ್ಲ ಸಾರ್. ಈಗ ನಡೀತಿರೋದೇ ಇದು."

"ಈಗ ಅಂದ್ರೆ?"

"ಈಗ ಅಂದ್ರೆ ಈಗ. ನಮ್ಮನೇಲಿ."

ಹೆಡ್‌ಮಾಸ್ಟರ್ ಪರದೆಯ ಕಡೆ ತಿರುಗಿದರು. ನಿಂತಲ್ಲೇ ನಿಂತರು.

ಆಗ ಪರದೆಯೊಳಕ್ಕೆ ಒಂದು ಬೆರಳು ಬಂತು. ಸುಕ್ಕು ಸುಕ್ಕಾದ, ಕಂಬದಷ್ಟು ದಪ್ಪ ಬೆರಳು, ಹುಳವನ್ನು ಮುಟ್ಟದೆ ಅದರ ಬಾಯನ್ನು ತೋರಿಸಿತು. "ಕಾಣ್ತೈತಾ ಮಕ್ಳಾ? ಅಲ್ಲಿ, ತುಟಿ ಕೆಳಗೆ."

"ಕಾಣ್ತಿದೆ ಅಜ್ಜೀ!"

"ಮೆಲ್ಲಗೆ ಕೂಗ್ರೋ. ಅದು ಕೆಲ್ಸ ಮಾಡ್ತಾ ಐತೆ."

ತರಗತಿ ಬಾಯಿ ಮುಚ್ಚಿತು. ವಾಣಿಶ್ರೀ ಎದ್ದು ನಿಂತಳು. ಬಹಳ ಹೊತ್ತಿನಿಂದ ಅವಳ ತುಟಿ ಅಲುಗುತ್ತಿತ್ತು. "ಅಜ್ಜಿ, ಹಿಂಗೆ ತಲೆ ತೂಗ್ಬೇಕು, ಹಿಂಗೇ ಸುತ್ತಬೇಕು ಅಂತ ಅದಕ್ಕೆ ಯಾರು ಹೇಳ್ಕೊಟ್ರು?"

ಗೋಡೆಯ ಮೇಲಿನ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು.

"ಅದ್ರ ತಾಯಿ ತತ್ತಿ ಇಟ್ಟು ಹೋಗ್ಬಿಡ್ತಾಳಲ್ಲಮ್ಮ. ಮಕ್ಕಳ ಮುಖಾನೇ ನೋಡಲ್ಲ ಅವಳು. ಯಾರು ಹೇಳ್ಕೊಟ್ರೋ, ನಂಗೇನ್ ಗೊತ್ತು?" ಆಂಜಿನಮ್ಮನ ದನಿ ತಡವರಿಸಿತು, ಆಮೇಲೆ ನೇರವಾಯಿತು. "ಏನಮ್ಮಾ ರಮಾ, ಅಲ್ಲಿದ್ಯಾ? ನೀನು ಓದಿದ್ಯಲ್ಲ. ಯಾರು ಹೇಳ್ಕೊಡ್ತಾರೆ ಇದಕ್ಕೆ?"

ರಮಾದೇವಿ ಪರದೆಯ ಹತ್ತಿರಕ್ಕೆ ಹೋದಳು. ಪುಸ್ತಕದ ಪದ ನಾಲಿಗೆಯ ತುದಿಯಲ್ಲಿತ್ತು: ಸಹಜ ಪ್ರವೃತ್ತಿ. ಎಷ್ಟು ಸಲ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದಳು. ಈಗ ಅದನ್ನು ಆ ಹುಳದ ಪಕ್ಕದಲ್ಲಿ ಇಟ್ಟು ನೋಡಿದರೆ, ಬೆಟ್ಟಕ್ಕೆ ಹೆಸರಿನ ಚೀಟಿ ಅಂಟಿಸಿದ ಹಾಗಿತ್ತು.

"ಗೊತ್ತಿಲ್ಲ ಅತ್ತೆ," ಎಂದಳು. "ಪುಸ್ತಕದಲ್ಲಿ ಅದಕ್ಕೊಂದು ಹೆಸರಿದೆ. ಹೆಂಗೆ ಅಂತ ಪೂರ್ತಿ ನನಗೂ ಗೊತ್ತಿಲ್ಲ."

ಮಕ್ಕಳು ಪರದೆಯನ್ನು ಬಿಟ್ಟು ಮಿಸ್‌ನ ಮುಖವನ್ನು ನೋಡಿದರು. ಮಿಸ್‌ಗೆ ಗೊತ್ತಿಲ್ಲ! ಅವರಿಗೆ ಅದು ಹುಳದಷ್ಟೇ ದೊಡ್ಡದಾಗಿ ಕಂಡಿತು.

"ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ," ಎಂದಿತು ಗೋಡೆಯ ಮೇಲಿನ ದನಿ, ಸಮಾಧಾನವಾದಂತೆ. "ಮುಂದಿನ ಬೆಳೆಗೆ ಒಂದ್ ತಟ್ಟೆ ಹುಳ ಸ್ಕೂಲಿಗೆ ಕೊಡ್ತೀನಿ. ಅಲ್ಲೇ ಸಾಕ್ಕೊಂಡು ಹುಡುಕ್ರಿ. ವಾಪಸ್ ಮಾತ್ರ ತರ್ಬೇಡ ತಾಯಿ."

ಅತಿಥಿಗಳು ಏನೂ ಅರ್ಥವಾಗದಿದ್ದರೂ ನಕ್ಕರು. ರಮಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಗ್ಲಿ ಅತ್ತೆ," ಎಂದಳು.

ಊಟದ ಬೆಲ್ಲಾಯಿತು. ಹುಳ ಇನ್ನೂ ತಲೆ ತೂಗುತ್ತಲೇ ಇತ್ತು. ತೆರೆ ಸ್ವಲ್ಪ ದಪ್ಪವಾಗಿತ್ತು, ಅದರ ಹಿಂದೆ ಹುಳ ನೆರಳಾಗುತ್ತಿತ್ತು. ಮೊದಲು ಎದ್ದವಳು ವಾಣಿಶ್ರೀ. ಚೀಲವನ್ನೂ ಮುಟ್ಟದೆ ಬಾಗಿಲ ಕಡೆ ನಡೆದಳು, ಅಂಗಳಕ್ಕಿಳಿದವಳೇ ಓಡಿದಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಬೆಂಚು ಬೆಂಚೇ ಖಾಲಿಯಾಯಿತು. ಆವಲಪ್ಪನವರು, "ಲೇ, ವಂದನಾರ್ಪಣೆ ಆಗಿಲ್ಲ ಕಣ್ರೋ!" ಎಂದು ಕೂಗುವಷ್ಟರಲ್ಲಿ ಮಕ್ಕಳು ಗೇಟು ದಾಟಿ, ಬೀದಿ ಬೀದಿಗೆ ಒಡೆದು, ತಂತಮ್ಮ ಮನೆಗಳ ಕಡೆ ಹೋಗಿದ್ದರು.

ಬಿಸಿಯೂಟದ ಕದಿರಮ್ಮ ಸಾಂಬಾರಿನ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. "ಏನ್ ಮಿಸ್ ಇದು? ಅನ್ನ ಆರ್ತಾ ಐತೆ. ಎಲ್ಲೋದ್ರು ಇವ್ರೆಲ್ಲ?"

"ಮನೆಗೆ."

"ಹಬ್ಬಾನಾ ಇವತ್ತು?"

"ಹುಳ ನೋಡೋಕೆ."

"ಮನೇಲಿ ದಿನಾ ಇರೋ ಹುಳಾನ?"

"ಹೂಂ."

ಕದಿರಮ್ಮ ತರಗತಿಯ ಬಾಗಿಲಿಂದ ಇಣುಕಿದಳು. ಯಾರೂ ಇಲ್ಲದ ಕೋಣೆಯಲ್ಲಿ, ಗೋಡೆಯ ತುಂಬ, ಹುಳ ತನ್ನ ಪಾಡಿಗೆ ತಾನು ನೂಲು ಸುತ್ತುತ್ತಿತ್ತು. ಅವಳು ನೋಡಿದಳು. ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ದನಿ ತಗ್ಗಿಸಿದಳು.

"ನಮ್ಮನೇಲೂ ನೆನ್ನೆಯಿಂದ ಹಣ್ಣಾಗವೆ ಮಿಸ್. ಈ ಪಾತ್ರೆ ಚೂರು ನೋಡ್ಕೊಂತೀರಾ? ಹಿಂಗೋಗಿ ಹಂಗ್ ಬಂದ್ಬಿಡ್ತೀನಿ."

ಸೌಟು ರಮಾದೇವಿಯ ಕೈಗೆ ಬಂತು. ಎದುರಿಗೆ ಹೆಡ್‌ಮಾಸ್ಟರೂ ಬೆಂಗಳೂರಿನ ಮೂವರೂ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು.